ಲೀಲಳಿಗೆ ಒಗ್ಗದ ಹಿಟ್ಟು

ಆಗ ನನಗೆ ಮೂವತ್ತಾರು ವರ್ಷ. ಲೆಕ್ಕ ಹಾಕಿದರೆ ಇದು ನಲವತ್ತು ವರ್ಷದ ಹಿಂದಿನ ಮಾತು. ಆದರೂ ಆ ಸಂಜೆ ನೆನಪಾದರೆ ಕೂತಲ್ಲಿ ಕೂರಲು ಆಗುವುದಿಲ್ಲ, ಎದ್ದು ಇನ್ನೊಂದು ಸಲ ಓಡಬೇಕೆನಿಸುತ್ತದೆ.

ಸಿದ್ದಾಪುರದಿಂದ ಪಾಲಿಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಒಂದು ಕಾಫಿ ಎಸ್ಟೇಟಿನ ಆಸ್ಪತ್ರೆಗೆ ನಾನು ಅಡುಗೆಯವಳು. ಆಸ್ಪತ್ರೆ ಎಂದರೆ ಹತ್ತು ಮಂಚ, ಒಂದು ಔಷಧದ ಕೋಣೆ, ಹಿಂದುಗಡೆ ಹೊಗೆ ಹಿಡಿದ ನನ್ನ ಅಡುಗೆಮನೆ. ದೊರೆ ಬಿಳಿಯವನು. ಡಾಕ್ಟರು ಮಂಗಳವಾರ ಮಾತ್ರ ಬರುವವರು. ಉಳಿದ ಆರು ದಿನ ಕಂಪೌಂಡರು ಶೇಷಪ್ಪನವರೇ ಡಾಕ್ಟರು, ನಾನೇ ನರ್ಸು, ಅಡುಗೆ, ಕಸಗುಡಿಸುವವಳು ಎಲ್ಲ.

ಈಗ ಆಸ್ಪತ್ರೆ, ಹಾಸ್ಟೆಲು, ಬಾಲವಾಡಿ ಅಂತ ಅಡುಗೆ ಕೆಲಸಕ್ಕೆ ಸೇರುವ ಹುಡುಗಿಯರು ನನ್ನನ್ನು ಕೇಳುತ್ತಾರೆ, ಕೆಲಸ ಹೇಗಿತ್ತು ಅಜ್ಜಿ ಎಂದು. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಬರೆಯಲು ಕಲಿತದ್ದು ಕೆಲಸ ಬಿಟ್ಟ ಮೇಲೆ, ಮೊಮ್ಮಗಳ ಸ್ಲೇಟಿನಲ್ಲಿ. ತಪ್ಪಿದ್ದರೆ ತಿದ್ದಿಕೊಂಡು ಓದಿ. ನನಗೆ ಯಾವಾಗ ಬಡ್ತಿ ಬಂತು, ಯಾವ ದೊರೆ ಸೀರೆ ಕೊಟ್ಟ, ಅದೆಲ್ಲ ಬೇಡ. ಯಾರ ಹೊಟ್ಟೆಗೆ ಏನು ಆಗುವುದಿಲ್ಲ ಎಂದು ಕಂಡುಹಿಡಿಯುವುದೇ ಈ ಕೆಲಸದ ಮಜಾ. ಅಷ್ಟು ಹೇಳುತ್ತೇನೆ.

ಮೊದಲು ನನ್ನ ಗೋಡೆಯ ವಿಷಯ. ಕಾಗದದ ಮೇಲೆ ಬರೆಯಲು ಬಾರದವಳು ನಾನು, ಹತ್ತು ಮಂಚದ ಊಟ ನೆನಪಿಡುವುದು ಹೇಗೆ? ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ ಗುರುತು ಹಾಕುತ್ತಿದ್ದೆ. ಒಂದು ಮಂಚಕ್ಕೆ ಒಂದು ಸಾಲು. ಗಂಜಿ ಕೊಟ್ಟರೆ ನೀರಿನ ಅಲೆಯ ಹಾಗೆ ಒಂದು ಗೆರೆ. ಕಡಂಬುಟ್ಟು ಕೊಟ್ಟರೆ ಒಂದು ದಪ್ಪ ಚುಕ್ಕೆ, ಅದು ಅಕ್ಕಿ ತರಿಯ ಉಂಡೆ ತಾನೆ. ರೊಟ್ಟಿಗೆ ಒಂದು ಸುತ್ತು. ಹಾಲಿಗೆ ಒಂದು ಲೋಟ. ಅದರ ಕೆಳಗೆ, ಹೊಟ್ಟೆ ಸರಿಯಿದ್ದರೆ ನೆಟ್ಟಗೆ ಒಂದು ಗೀಟು, ಕೆಟ್ಟರೆ ಓರೆ ಗೀಟು. ಕಂಪೌಂಡರು ನೋಡಿ ನಗುತ್ತಿದ್ದರು.

"ದೇವಕ್ಕ, ಇದು ಎಂಥದು ಮಾರಾಯ್ತಿ, ಮಾರಿ ಪೂಜೆಗೆ ರಂಗೋಲಿಯಾ?"

"ನಿಮ್ಮ ಇಂಗ್ಲಿಷು ನನಗೆ ರಂಗೋಲಿ, ನನ್ನ ರಂಗೋಲಿ ನಿಮಗೆ ಇಂಗ್ಲಿಷು. ಹೋಗಿ, ಕೆಲಸ ನೋಡಿ" ಎನ್ನುತ್ತಿದ್ದೆ.

ಶೇಷಪ್ಪನವರು ಪುತ್ತೂರು ಕಡೆಯವರು. ನಾನು ಶನಿವಾರಸಂತೆ ಕಡೆಯವಳು. ಮಾತಿಗೆ ಮಾತು ಕೊಡದಿದ್ದರೆ ಇಬ್ಬರಿಗೂ ತಿಂದದ್ದು ಜೀರ್ಣವಾಗುತ್ತಿರಲಿಲ್ಲ.

ಆ ಗೋಡೆ ನನಗೆ ಮೊದಲು ಹಿಡಿದುಕೊಟ್ಟ ಕಳ್ಳ ಹಾಲು. ಕಾಫಿ ಗಿಡ ಕಸಿ ಮಾಡುವ ಮುತ್ತು ಎನ್ನುವ ತಮಿಳು ಆಳು ಜ್ವರ ಬಿಟ್ಟು ಮಲಗಿದ್ದ. ಸಣಕಲ. ಡಾಕ್ಟರು ದಿನಕ್ಕೆ ಮೂರು ಲೋಟ ಹಾಲು ಬರೆದರು. ಮೂರು ಲೋಟ ಒಳಗೆ ಹೋದರೆ ಆರು ಸಲ ಹೊರಗೆ ಓಡುತ್ತಿದ್ದ. ಡಾಕ್ಟರು ಮತ್ತೆ ಬಂದು, ಇನ್ನೂ ಸಣಕಲ ಎಂದು ನಾಲ್ಕು ಲೋಟ ಮಾಡಿದರು. ನನ್ನ ಗೋಡೆಯಲ್ಲಿ ಎಷ್ಟು ಲೋಟವೋ ಅಷ್ಟು ಓರೆ ಗೀಟು. ಸಾಕಾಯಿತು ನನಗೆ. ಹಾಲಿಗೆ ಹೆಪ್ಪು ಹಾಕಿ, ಕಡೆದು, ಮಜ್ಜಿಗೆ ಮಾಡಿ ಕೊಟ್ಟೆ. ಮೂರನೇ ದಿನಕ್ಕೆ ಮುತ್ತು, "ಅಕ್ಕಾ, ವಯಿರು ಸುಮ್ಮನಾಯ್ತು" ಎಂದು ಹೊಟ್ಟೆ ತಟ್ಟಿಕೊಂಡು ನಕ್ಕ.

ಡಾಕ್ಟರಿಗೆ ಗೊತ್ತಾಯಿತು. ಬಯ್ದರು. ನಾನೂ ಸುಮ್ಮನಿರಲಿಲ್ಲ, ಕೈ ಹಿಡಿಯುವುದೊಂದು ಬಿಟ್ಟು ಎಳೆದುಕೊಂಡು ಹೋಗಿ ಗೋಡೆ ತೋರಿಸಿದೆ. ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಬಹಳ ಹೊತ್ತು ನೋಡಿದರು. ಹೊರಡುವಾಗ "ಆ ಗೋಡೆಗೆ ಸುಣ್ಣ ಹೊಡೆಯಬೇಡಿ" ಎಂದು ಕಂಪೌಂಡರಿಗೆ ಹೇಳಿ ಹೋದರು. ಒಳ್ಳೆಯ ಮೇಲಧಿಕಾರಿ ಎಂದರೆ ಅಂಥವರು. ಬಯ್ಯಲಿ, ಆದರೆ ಬಗ್ಗಿ ನೋಡಲಿ.

ಎಲ್ಲ ಕಳ್ಳರೂ ಹಾಲಿನ ಹಾಗೆ ಬೇಗ ಸಿಗುವುದಿಲ್ಲ ಎನ್ನುವುದನ್ನೂ ತಿಳಿದುಕೊಳ್ಳಿ. ಆಳುಗಳ ಲೈನುಮನೆಯ ಒಬ್ಬಳು ಹೆಂಗಸು ಏಡಿ ಸಾರು ಉಂಡು ಎಲೆ ಎತ್ತುವಷ್ಟರಲ್ಲಿ ತುಟಿ ಬದನೆಕಾಯಿಯ ಹಾಗೆ ಊದಿಸಿಕೊಂಡು ಬಂದಳು. ಅವಳಿಗೆ ಯಾರೂ ಹೇಳಬೇಕಾಗಲಿಲ್ಲ, ಏಡಿ ತಾನೇ ಹೇಳಿತು. ಅದು ಅಪಾಯ, ಆದರೆ ಗುಟ್ಟಿಲ್ಲ. ಇನ್ನು ಕೆಲವು ಉಂಟು, ಇವತ್ತು ತಿಂದರೆ ನಾಳೆಯೂ ಹೇಳುವುದಿಲ್ಲ, ವಾರ ಬಿಟ್ಟೂ ಹೇಳುವುದಿಲ್ಲ. ಒಳಗೊಳಗೇ ಮಗುವನ್ನು ಒಣಗಿಸುತ್ತವೆ. ಮನೆಯವರು ನೀರನ್ನು ಬಯ್ಯುತ್ತಾರೆ, ಗಾಳಿಯನ್ನು ಬಯ್ಯುತ್ತಾರೆ, ಕಣ್ಣು ತಾಗಿದೆ ಎನ್ನುತ್ತಾರೆ. ತಟ್ಟೆಯನ್ನು ಮಾತ್ರ ನೋಡುವುದಿಲ್ಲ.

ಲೀಲಳದು ಹಾಗಾಯಿತು.

ಲೀಲ ಕಂಪೌಂಡರ ಮಗಳು. ನಾಲ್ಕು ವರ್ಷ, ಒಬ್ಬಳೇ ಮಗಳು. ಎರಡು ವರ್ಷದ ತನಕ ಕುಂಬಳಕಾಯಿಯ ಹಾಗೆ ಇದ್ದ ಮಗು. ಯುದ್ಧ ಬಂದು ಅಕ್ಕಿಗೆ ತತ್ವಾರವಾಗಿ ಎಸ್ಟೇಟಿನ ಗೋಡೌನಿನಲ್ಲಿ ಅರ್ಧ ಅಕ್ಕಿ, ಅರ್ಧ ಗೋಧಿ ಅಳೆಯತೊಡಗಿದರು. ಲೈನಿನವರಿಗೆ ಗೋಧಿ ಎಂದರೆ ಆಗದು, ಕೋಳಿಗೆ ಹಾಕುತ್ತಿದ್ದರು. ಕಂಪೌಂಡರಿಗೆ ಮಾತ್ರ ಗೋಧಿ ಎಂದರೆ ಟಾನಿಕ್ಕು. ಮಿಲ್ಲಿಗೆ ಕಳಿಸಿ, ಬೀಸಿಸಿ, ಮಗಳಿಗೆ ಬೆಳಿಗ್ಗೆ ಗೋಧಿ ಗಂಜಿ, ಮಧ್ಯಾಹ್ನ ಚಪಾತಿ, ಸಂಜೆ ರಸ್ಕು. ಮಗು ತೆಳ್ಳಗಾಯಿತು. ಶಕ್ತಿ ಸಾಲದು ಎಂದು ಇನ್ನಷ್ಟು ಗೋಧಿ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಮಲ ಬೆಳ್ಳಗೆ, ರಾಶಿ, ವಾಸನೆ. ನಗುತ್ತಿದ್ದ ಮಗು ಹತ್ತಿರ ಹೋದರೆ ಕಚ್ಚಲು ಬರುತ್ತಿತ್ತು. ಮಲೇರಿಯಾದ ಜ್ವರಗಡ್ಡೆ ಎಂದು ಕ್ವಿನೈನು ಕುಡಿಸಿದರು. ಹುಳ ಎಂದು ಹುಳದ ಪುಡಿ, ಮೇಲೆ ಹರಳೆಣ್ಣೆ. ಹುಳವೂ ಬರಲಿಲ್ಲ, ಮಗುವೂ ಏಳಲಿಲ್ಲ.

ಅಷ್ಟರಲ್ಲಿ ಅವಳ ತಾಯಿ ಕಮಲ ತಮ್ಮನ ಮದುವೆಗೆ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ಎರಡು ತಿಂಗಳು ಬಿಟ್ಟು ಬಂದಳು. ನೋಡಿದರೆ ಲೀಲಳ ಕೆನ್ನೆಯಲ್ಲಿ ಮಾಂಸ! ತಾನೇ ನಡೆದುಕೊಂಡು ನನ್ನ ಅಡುಗೆಮನೆಯ ಹೊಸಿಲು ದಾಟಿ "ದೊಡ್ಡಮ್ಮ" ಎಂದಳು. ಎಲ್ಲರೂ ನೀರು ಬದಲಾವಣೆ ಎಂದರು. ಇಲ್ಲಿಗೆ ಬಂದು ಒಂದು ತಿಂಗಳಾಗಲಿಲ್ಲ, ಮತ್ತೆ ಕಡ್ಡಿ, ಮತ್ತೆ ಗುಡಾಣ.

"ಕೊಡಗಿನ ನೀರು ಇವಳಿಗೆ ಹಿಡಿಯುದಿಲ್ಲ. ಊರಿಗೆ ಕಳಿಸಿಬಿಡುದು ಅಂತ ಉಂಟು" ಎಂದರು ಕಂಪೌಂಡರು.

ನಾನು ಅಕ್ಕಿ ಆರಿಸುತ್ತಿದ್ದೆ. ಸುಮ್ಮನೆ ಬಾಯಿಗೆ ಬಂತು, ಕೇಳಿದೆ. "ಅಲ್ಲಿ ಏನು ತಿಂತಿತ್ತು ಮಗು?"

ಕಮಲ ಹೇಳಿದಳು, "ಅಲ್ಲಿ ಎಂಥ ದೇವಕ್ಕ, ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ. ಬಂಗುಡೆ ಸಾರು."

"ಗೋಧಿ?"

"ನಮ್ಮ ಅಮ್ಮನ ಮನೆಯಲ್ಲಿ ಗೋಧಿ ಎಲ್ಲಿಂದ?"

ಮೊರ ಕೆಳಗಿಟ್ಟೆ. ಅಯ್ಯೋ, ಆ ಹೊತ್ತಿನ ನನ್ನ ಸಂಭ್ರಮ ಹೇಗೆ ಹೇಳಲಿ! ಇಲಿ ಹಿಡಿದ ಬೆಕ್ಕಿನ ಹಾಗೆ ಮೈಯೆಲ್ಲ ಜುಮ್ಮೆಂದಿತು. ನೀರಲ್ಲ, ಗಾಳಿಯಲ್ಲ, ಗೋಧಿ! ಆದರೆ ಹೇಳಿದರೆ ಕೇಳಬೇಕಲ್ಲ. ಕಂಪೌಂಡರು ಬಿದ್ದು ಬಿದ್ದು ನಕ್ಕರು. ಮಂಗಳವಾರ ಡಾಕ್ಟರ ಮುಂದೆ ಹೇಳಿದೆ. ಅವರೂ ನಕ್ಕರು, ಆದರೆ ಸಣ್ಣಗೆ.

"ಗೋಧಿ ತಿಂದು ಯಾರಿಗಾದರೂ ಕಾಯಿಲೆ ಬರ್ತದಾ ದೇವಮ್ಮ? ಪಂಜಾಬಿನವರೆಲ್ಲ ಏನಾಗ್ಬೇಕಿತ್ತು?"

"ಪಂಜಾಬಿನವರ ಹೊಟ್ಟೆ ನಾನು ನೋಡಿಲ್ಲ ಸ್ವಾಮಿ. ಲೀಲನ ಹೊಟ್ಟೆ ನೋಡಿದೀನಿ."

ಡಾಕ್ಟರು ಮಗುವಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಎರಡು ಬೆರಳು ಸುತ್ತಿ ಮೇಲೆ ಜಾಗ ಉಳಿಯಿತು. ಅವರ ನಗು ನಿಂತಿತು. ಮೂರು ವಾರ ಮಗುವಿನ ಊಟವೆಲ್ಲ ದೇವಮ್ಮನ ಅಡುಗೆಮನೆಯಿಂದಲೇ, ಬರೀ ಅಕ್ಕಿಯದು, ಬೇರೆ ಒಂದು ಚೂರೂ ಕೊಡಬಾರದು ಎಂದರು. ಆಮೇಲೆ ನನ್ನನ್ನು ಹೊರಗೆ ಕರೆದು, "ತಪ್ಪಾದರೆ ಈ ಮಗುವಿಗೆ ಮೂರು ವಾರ ವ್ಯರ್ಥ ಮಾಡುವಷ್ಟು ಆಯುಸ್ಸಿಲ್ಲ, ಗೊತ್ತಿರಲಿ" ಎಂದರು.

ಗೊತ್ತಿತ್ತು. ಗೋಡೆಯ ಮೇಲೆ ಲೀಲಳಿಗೆ ಒಂದು ಹೊಸ ಸಾಲು ಎಳೆದೆ.

ಮೊದಲ ವಾರ ಗಂಜಿ, ಮೆತ್ತನೆ ಅನ್ನ, ಕಡಂಬುಟ್ಟು. ನಾಲ್ಕನೇ ದಿನ ಮಲ ಗಟ್ಟಿಯಾಯಿತು. ಆರನೇ ದಿನ ಮಗು ಕಚ್ಚುವುದು ಬಿಟ್ಟಿತು. ಎಂಟನೇ ದಿನ ತಟ್ಟೆ ಬಡಿದು "ಇನ್ನೂ" ಎಂದಿತು! ಹೊಟ್ಟೆ ಕೆಟ್ಟ ಮಗುವಿನ ಬಾಯಲ್ಲಿ ಆ ಒಂದು ಮಾತು ಕೇಳಬೇಕು ನೀವು. ನಾನು ಆಸ್ಪತ್ರೆಯ ಅಂಗಳದಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಿದೆ. ಕಂಪೌಂಡರು ಬೆಳಿಗ್ಗೆ ಎರಡು ಸಲ ಬಂದು ಗೋಡೆ ನೋಡಿಕೊಂಡು ಹೋದರು. ರಂಗೋಲಿ ಎನ್ನಲಿಲ್ಲ.

ಮಗುವಿಗೆ ಹಸಿವು ಬಂದ ಮೇಲೆ ಗಂಜಿ ಸಾಕಾಗಲಿಲ್ಲ. ರೊಟ್ಟಿ ಕೇಳಿತು. ಕೇಳದೆ ಇರುತ್ತದೆಯೇ! ದೇವಕ್ಕನ ಅಕ್ಕಿ ರೊಟ್ಟಿ ಎಂದರೆ ಪಾಲಿಬೆಟ್ಟದ ಬಂಗಲೆಗಳ ತನಕ ಹೆಸರು. ಅನ್ನ ಹಿಸುಕಿ ಅಕ್ಕಿ ಹಿಟ್ಟಿಗೆ ಸೇರಿಸಿ ನಾದುವುದು ಎಲ್ಲರೂ ಮಾಡುತ್ತಾರೆ. ಆದರೆ ಎಲ್ಲರ ರೊಟ್ಟಿಯ ಅಂಚು ಬಿರಿಯುತ್ತದೆ. ನನ್ನದು ಬಿರಿಯುತ್ತಿರಲಿಲ್ಲ. ಬಾಳೆ ಎಲೆಯ ಹಾಗೆ ತೆಳ್ಳಗೆ, ಅರಿವೆಯ ಹಾಗೆ ಮಡಿಚಬಹುದಿತ್ತು. ಒಂಬತ್ತನೇ ದಿನದಿಂದ ಲೀಲಳಿಗೆ ರೊಟ್ಟಿ ಶುರು ಮಾಡಿದೆ. ಅಕ್ಕಿ ತಾನೆ? ಅಕ್ಕಿಯೇ.

ಹನ್ನೆರಡನೇ ದಿನ ಮಲ ಸಡಿಲವಾಯಿತು. ಹದಿಮೂರನೇ ದಿನ ಮತ್ತೆ ಬೆಳ್ಳಗೆ. ಒಂದು ದಿನ ಗಂಜಿ ಕೊಟ್ಟೆ, ಸ್ವಲ್ಪ ತಡೆಯಿತು. ರೊಟ್ಟಿ ಕೇಳಿ ಅತ್ತಿತು, ಕೊಟ್ಟೆ. ಹದಿನಾರನೇ ದಿನಕ್ಕೆ ಮಗು ತಲೆ ಎತ್ತಲಿಲ್ಲ.

ನನ್ನ ತಲೆ ಕೆಟ್ಟಿತು. ಅಕ್ಕಿ ನಾನೇ ಆರಿಸಿದ್ದು, ನಾನೇ ತೊಳೆದದ್ದು, ನಾನೇ ಒರಳಲ್ಲಿ ಕುಟ್ಟಿ ಹಿಟ್ಟು ಮಾಡಿದ್ದು. ಮಿಲ್ಲಿಗೂ ಕಳಿಸಿರಲಿಲ್ಲ. ಹಾಗಿದ್ದರೆ ಬೇರೆ ಯಾರೋ ಕೊಡುತ್ತಿದ್ದಾರೆ. ಯಾರು? ತಾಯಿ. ಅಳುವ ಮಗುವಿಗೆ ರಸ್ಕು ಕೊಟ್ಟಿರುತ್ತಾಳೆ. ನನಗೆ ಬೇರೇನೂ ಹೊಳೆಯಲಿಲ್ಲ. ಹೊಳೆಯುವ ತನಕ ಕಾಯಬೇಕು ಎಂಬ ಬುದ್ಧಿಯೂ ಇರಲಿಲ್ಲ.

ಕಾಫಿ ಹಣ್ಣು ಕೊಯ್ಯುವ ಕಾಲ. ಬೆಳಿಗ್ಗೆ ಆಳುಗಳ ಹಾಜರಿ ಕರೆಯುವ ಮಸ್ಟರಿಗೆ ಮೊದಲೇ ಆಸ್ಪತ್ರೆ ಜಗುಲಿಯಲ್ಲಿ ಕೈ ಕುಯ್ದುಕೊಂಡವರು, ಇರುವೆ ಕಚ್ಚಿದವರು ಸಾಲು ನಿಂತಿದ್ದರು. ಕಮಲ ಮಗುವಿನ ಬಟ್ಟೆ ಒಗೆದು ಬರುತ್ತಿದ್ದಳು. ಅಲ್ಲೇ, ಅಷ್ಟು ಜನರ ಮುಂದೆ, ಹಿಡಿದು ನಿಲ್ಲಿಸಿದೆ.

"ಏನು ಕೊಟ್ಟೆ ಮಗೂಗೆ? ನಿಜ ಹೇಳು."

"ಎಂಥದೂ ಇಲ್ಲ ದೇವಕ್ಕ."

"ಸುಳ್ಳು ಹೇಳ್ಬೇಡ. ಕದ್ದು ರಸ್ಕು ಕೊಟ್ಟಿದೀಯ. ನಿನ್ನ ಕೈಯಾರೆ ಮಗೂನ ಕೊಲ್ತಿದೀಯ ಕಣೇ."

ಕಮಲ ಬಟ್ಟೆಯ ಬಕೀಟು ಕೆಳಗಿಟ್ಟಳು. "ಲೀಲನ ತಲೆ ಮುಟ್ಟಿ ಹೇಳ್ತೇನೆ, ಕೊಡಲಿಲ್ಲ" ಎಂದಳು. ನಾನು ನಂಬಲಿಲ್ಲ. ನಂಬಲಿಲ್ಲ ಎಂದು ಬಾಯಿಬಿಟ್ಟು ಹೇಳಿಯೂ ಹೇಳಿದೆ. ಸಾಲಿನಲ್ಲಿ ನಿಂತವರು ಕಮಲಳನ್ನೇ ನೋಡಿದರು. ಅವಳು ಬಕೀಟು ಎತ್ತಿಕೊಂಡು ಹೋದಳು.

ಆ ಮಧ್ಯಾಹ್ನ ಕಂಪೌಂಡರು ಬಂದರು. ಗೋಡೆಯ ಕಡೆ ತಿರುಗಲಿಲ್ಲ.

"ಸಾಕು ದೇವಕ್ಕ. ಅಕ್ಕಿ ಕೊಟ್ಟರೂ ಅದೇ, ಗೋಧಿ ಕೊಟ್ಟರೂ ಅದೇ. ಇದು ನೀರಿನದ್ದೇ ದೋಷ. ನಾಳೆ ಬಸ್ಸಿಗೆ ಕಮಲನನ್ನೂ ಮಗುವನ್ನೂ ಊರಿಗೆ ಕಳಿಸ್ತೇನೆ. ಅಲ್ಲಿ ಗೋಧಿ ಸಿಗುದಿಲ್ಲ, ಹತ್ತು ಸೇರು ಹಿಟ್ಟು ಕಟ್ಟಿಸಿದ್ದೇನೆ."

ಆಗಿನ ಬಸ್ಸು ಇದ್ದಿಲ ಗ್ಯಾಸಿನದು. ಏರು ಬಂದರೆ ಜನ ಇಳಿದು ತಳ್ಳಬೇಕು. ತಲೆ ಎತ್ತಲಾರದ ಮಗು ಮಡಿಕೇರಿ ಹತ್ತಿ ಸಂಪಾಜೆ ಘಾಟಿ ಇಳಿಯಬೇಕು. ಇಳಿದರೂ ಏನು? ಹೋದ ಸಲ ಆ ಮನೆಯಲ್ಲಿ ಮಗುವನ್ನು ಉಳಿಸಿದ್ದು ಗೋಧಿ ಇಲ್ಲದ್ದು. ಈ ಸಲ ಹತ್ತು ಸೇರು ಜೊತೆಯಲ್ಲೇ ಹೋಗುತ್ತದೆ. ಗೋಧಿ ತಪ್ಪಿತಸ್ಥ ಅಲ್ಲ ಎಂದು ಸಾಬೀತು ಮಾಡಿಕೊಟ್ಟವಳು ನಾನೇ. ಅಕ್ಕಿ ತಿಂದೂ ಹೊಟ್ಟೆ ಕೆಟ್ಟದ್ದು ಹೇಗೆ ಎಂದು ಮಾತ್ರ ಗೊತ್ತಿಲ್ಲ.

"ಇನ್ನೊಂದು ವಾರ ಕೊಡಿ ಕಂಪೌಂಡರೇ."

"ನನ್ನ ಹೆಂಡತಿಗೆ ಕೊಲೆಗಾರ್ತಿ ಅಂತ ಹೇಳಿ ಆಯ್ತಲ್ಲ. ಇನ್ನು ಎಂಥ ವಾರ?"

ಹೋದರು.

ಸಂಜೆ ಒಳರೋಗಿಗಳಿಗೆ ಅಡುಗೆ ಆಗಬೇಕಲ್ಲ, ಮಗು ಇರಲಿ ಹೋಗಲಿ. ಏಳು ಜನಕ್ಕೆ ರೊಟ್ಟಿ. ಬಿಸಿಲು ಇನ್ನೂ ಇತ್ತು, ಕಿಟಕಿಯಿಂದ ಗೋಡೆಯ ಮೇಲೆ ಬೀಳುತ್ತಿತ್ತು. ಹಿಟ್ಟು ನಾದಿದೆ. ಅಂಚು ಬಿರಿಯುವ ಹಾಗಿತ್ತು, ಹಳೇ ಅಕ್ಕಿ. ಯಾವತ್ತಿನ ಹಾಗೆ ಎಡಗೈಯಲ್ಲಿ ಪರಾತ ತಿರುಗಿಸುತ್ತ ಬಲಗೈಯನ್ನು ಮೂಲೆಯ ಡಬ್ಬಕ್ಕೆ ಹಾಕಿದೆ. ಹಾಕುತ್ತ ಗೋಡೆಯ ಕಡೆ ಕಣ್ಣು ಹೋಯಿತು.

ಲೀಲಳ ಸಾಲು. ಅಲೆ, ಅಲೆ, ಚುಕ್ಕೆ, ಅಲೆ. ಕೆಳಗೆ ನೆಟ್ಟಗಿನ ಗೀಟುಗಳು. ಆಮೇಲೆ ಸುತ್ತು, ಸುತ್ತು, ಸುತ್ತು. ಮೂರು ಸುತ್ತು ದಾಟಿದ್ದೇ ಕೆಳಗೆ ಓರೆ, ಓರೆ. ಒಂದು ದಿನ ಅಲೆ, ಅದರ ಕೆಳಗೆ ಗೀಟು ಸ್ವಲ್ಪ ನೆಟ್ಟಗಾಗಿದೆ. ಮತ್ತೆ ಸುತ್ತು. ಮತ್ತೆ ಓರೆ.

ಅಂದರೆ ರೊಟ್ಟಿ. ನನ್ನ ರೊಟ್ಟಿ. ರೊಟ್ಟಿಯಲ್ಲಿ ಅಕ್ಕಿ ಬಿಟ್ಟು ಏನಿದೆ?

ನನ್ನ ಕೈ ಇನ್ನೂ ಡಬ್ಬದೊಳಗೆ ಇತ್ತು.

ಆ ಡಬ್ಬ ಮೈದಾದ್ದು. ತಿನ್ನುವುದಕ್ಕೆ ತಂದ ಮೈದಾ ಅಲ್ಲ. ಕಂಪೌಂಡರು ಔಷಧದ ಸೀಸೆಗೆ ಚೀಟಿ ಅಂಟಿಸಲು ಅದನ್ನು ಬೇಯಿಸಿ ಅಂಟು ಮಾಡಿಕೊಳ್ಳುತ್ತಿದ್ದರು. ಬೆಂಕಿ ನನ್ನಲ್ಲಿರುವುದರಿಂದ ಡಬ್ಬ ನನ್ನ ಮೂಲೆಯಲ್ಲಿ. ಯಾರೂ ಅದನ್ನು ಊಟದ ಸಾಮಾನು ಎಂದುಕೊಂಡಿರಲಿಲ್ಲ. ನಾನು ಮಾತ್ರ ಹದಿನೆಂಟು ವರ್ಷದಿಂದ, ಮೊದಲು ದೊರೆಯ ಬಂಗಲೆಯ ಅಡುಗೆಯಲ್ಲಿ, ಆಮೇಲೆ ಇಲ್ಲಿ, ಅಕ್ಕಿ ಹಿಟ್ಟಿಗೆ ಒಂದು ಹಿಡಿ ಮೈದಾ ಸೇರಿಸುತ್ತಿದ್ದೆ. ರೊಟ್ಟಿ ಬಿರಿಯದ ಗುಟ್ಟು ಅದು. ಯಾರಿಗೂ ಹೇಳಿರಲಿಲ್ಲ. ಎಷ್ಟು ಹೇಳಿರಲಿಲ್ಲ ಎಂದರೆ ನನಗೇ ಮರೆತು ಹೋಗಿತ್ತು. ಕೈಗೆ ಮಾತ್ರ ನೆನಪಿತ್ತು.

ಮೈದಾ ಅಂದರೆ ಗೋಧಿ!

ಓಡಿದೆ. ಒಲೆಯ ಮೇಲೆ ಹೆಂಚು ಕಾಯುತ್ತಿತ್ತು, ಕಾಯಲಿ ಎಂದೆ. ಮೊಣಕೈ ತನಕ ಬೆಳ್ಳಗಿನ ಕೈ ಎತ್ತಿಕೊಂಡು ಕಾಫಿ ಒಣಗಿಸುವ ಕಣ ಅಡ್ಡ ಹಾಯ್ದು ಕಂಪೌಂಡರ ಕ್ವಾಟ್ರಸ್ಸಿಗೆ ಓಡಿದೆ. ಹಣ್ಣು ಅಳೆಸುತ್ತಿದ್ದ ಹೆಂಗಸರು, ದೇವಕ್ಕನ ಕೈಗೆ ಏನಾಯಿತು ಎಂದು ಕೂಗಿದರು. ನನಗೆ ನಾಚಿಕೆಯೂ ಇರಲಿಲ್ಲ, ದುಃಖವೂ ಇರಲಿಲ್ಲ. ಸಿಕ್ಕಿತು, ಸಿಕ್ಕಿತು ಎಂಬುದೊಂದೇ.

ಬಾಗಿಲಲ್ಲಿ ಕಟ್ಟಿಟ್ಟ ಪೆಟ್ಟಿಗೆ. ಅದರ ಮೇಲೆ ಹಿಟ್ಟಿನ ಗಂಟು. ಕಮಲ ಮಗುವನ್ನು ತೊಡೆಯಲ್ಲಿ ಹಾಕಿಕೊಂಡು ಕೂತಿದ್ದಳು.

"ಕಮಲಾ, ನೋಡವ್ವ ಇಲ್ಲಿ!"

"ಎಂಥ ಅದು?"

"ಮೈದಾ. ನನ್ನ ರೊಟ್ಟಿಯೊಳಗೆ ಇದ್ದದ್ದು. ನೀನು ಕೊಟ್ಟಿಲ್ಲ. ನಾನು ಕೊಟ್ಟಿದ್ದು. ದಿನಾ ಒಂದೊಂದು ಹಿಡಿ."

ಕಂಪೌಂಡರು ಒಳಗಿನಿಂದ ಬಂದರು. ಎರಡು ಸಲ ಹೇಳಿಸಿಕೊಂಡರು. ಅರ್ಥವಾದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು, "ನನ್ನ ಅಂಟಿನ ಡಬ್ಬದ ಮೈದಾವಾ?"

"ಹೂಂ."

"ಹಾಗಾದರೆ ಇಷ್ಟು ವರ್ಷ ನಾವು ತಿಂದದ್ದು..."

"ಹೂಂ. ಅದನ್ನೇ. ಚೆನ್ನಾಗಿತ್ತು ಅಂತ ಎರಡೆರಡು ಹಾಕಿಸ್ಕೊಂಡ್ರಲ್ಲ."

ಅವರಿಗೆ ಸಿಟ್ಟು ಬರುವುದಕ್ಕೆ ಮೊದಲು ನಗು ಬಂತು, ನಗು ಮುಗಿಯುವುದಕ್ಕೆ ಮೊದಲು ಸಿಟ್ಟು. ನನಗೆ ಏನೇನು ಅಂದರೋ ಅದನ್ನು ಬರೆಯಲು ಮೊಮ್ಮಗಳ ಸ್ಲೇಟಿನಲ್ಲಿ ಕಲಿತಿಲ್ಲ. ಕಮಲ ಮಗುವನ್ನು ಹೆಗಲಿಗೆ ಹಾಕಿಕೊಂಡಳು. ಕೊನೆಗೆ ಹೇಳಿದಳು.

"ಬೆಳಿಗ್ಗೆ ಅಷ್ಟು ಜನರ ಮುಂದೆ ಹೇಳಿದ್ರಲ್ಲ ದೇವಕ್ಕ. ಇದನ್ನೂ ಅವರ ಮುಂದೆಯೇ ಹೇಳಿ."

"ಹೇಳ್ತೀನಿ."

"ಹೇಳಿದ ಮೇಲೆ ಎಂಟು ದಿನ ಇರ್ತೇನೆ. ಪೆಟ್ಟಿಗೆ ಬಿಚ್ಚುದಿಲ್ಲ."

"ಬಿಚ್ಚಬೇಡ. ಆ ಹಿಟ್ಟಿನ ಗಂಟು ಮಾತ್ರ ಬಿಚ್ಚಿ ಕೋಳಿಗೆ ಹಾಕು."

ಲೀಲ ಉಳಿದಳೇ ಎಂದು ನೀವು ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಉಳಿದಳು. ಎಂಟು ದಿನಕ್ಕೆ ತಲೆ ಎತ್ತಿದಳು, ತಿಂಗಳಿಗೆ ಓಡಿದಳು, ಈಗ ಮೂರು ಮಕ್ಕಳ ತಾಯಿ, ಬಾಯಿ ನನಗಿಂತ ಜೋರು. ಪೆಟ್ಟಿಗೆಯನ್ನು ಕಮಲ ಬಿಚ್ಚಿದ್ದು ನಲವತ್ತನೇ ದಿನ. ಯುದ್ಧ ಮುಗಿದು ಎಷ್ಟೋ ವರ್ಷಕ್ಕೆ, ಬೇರೆ ಊರಿಗೆ ಹೋಗಿದ್ದ ಆ ಡಾಕ್ಟರು ಕಂಪೌಂಡರಿಗೆ ಒಂದು ಕಾಗದ ಹಾಕಿದ್ದರು. ಕೆಲವು ಮಕ್ಕಳಿಗೆ ಗೋಧಿಯೇ ಆಗುವುದಿಲ್ಲವೆಂದು ಈಗ ದೊಡ್ಡ ದೊಡ್ಡವರು ಬರೆದಿದ್ದಾರೆ, ದೇವಮ್ಮನ ಗೋಡೆಗೆ ಹೇಳಿ ಎಂದು.

ಆದರೆ ಉಳಿಸಿಕೊಳ್ಳುವುದು ಒಂದು ದಿನದ ಕೆಲಸವಲ್ಲ. ಕಂಡುಹಿಡಿದ ಮೇಲೆ ನಿಜವಾದ ಗೋಳು ಶುರು. ಕಮಲ ಮನೆಯಲ್ಲಿ ಗೋಧಿಯನ್ನೇ ನಿಲ್ಲಿಸಿದಳು. ಒಬ್ಬಳಿಗೆ ಬೇರೆ, ಉಳಿದವರಿಗೆ ಬೇರೆ ಎಂದರೆ ಸೌಟು ಅದಲು ಬದಲಾಗುತ್ತದೆ. ಮಣೆ, ಲಟ್ಟಣಿಗೆ ಹೊಸದು ತರಿಸಿದಳು. ಮದುವೆ ಮನೆಯಲ್ಲಿ ಶಾವಿಗೆ ಪಾಯಸ ಬಂದರೆ ಯಾವ ಹಿಟ್ಟಿನದು ಎಂದು ನಾಚಿಕೆ ಬಿಟ್ಟು ಅಡುಗೆಯವರನ್ನು ಕೇಳುತ್ತಿದ್ದಳು. ಒಂದು ಚೂರಿಗೆ ಏನಾಗುತ್ತದೆ ಎನ್ನುವ ಅತ್ತೆ, ಚಿಕ್ಕಮ್ಮಂದಿರು ಎಲ್ಲ ಮನೆಯಲ್ಲೂ ಇರುತ್ತಾರೆ. ಅವರ ಮುಂದೆ ತಾಯಿ ಗಟ್ಟಿ ನಿಲ್ಲಬೇಕು. ಮಗುವಿಗೇ ಹೇಳಿಕೊಡಬೇಕು. ಆರು ವರ್ಷಕ್ಕೆ ಲೀಲ, ಯಾರಾದರೂ ಬಿಸ್ಕತ್ತು ನೀಡಿದರೆ, "ಇದು ನನಗೆ ಆಗುದಿಲ್ಲ, ಬಾಳೆಹಣ್ಣು ಉಂಟಾ?" ಎಂದು ಕೇಳುತ್ತಿದ್ದಳು.

ಇಷ್ಟೆಲ್ಲ ಮಾಡಿಯೂ ಒಂದು ಸಲ ಮತ್ತೆ ಹೊಟ್ಟೆ ಕೆಟ್ಟಿತು. ನಾನು, ಕಮಲ ಇಬ್ಬರೂ ತಲೆ ಕೆರೆದುಕೊಂಡೆವು. ಈ ಸಲ ಯಾರನ್ನೂ ಬಯ್ಯಲಿಲ್ಲ, ಮಗುವಿನ ಹಿಂದೆ ಒಂದು ಹಗಲು ಸುಮ್ಮನೆ ತಿರುಗಿದೆ. ಅಪ್ಪನ ಮೇಜಿನ ಕೆಳಗೆ ಕೂತು ಅಂಟಿನ ಕಡ್ಡಿ ನೆಕ್ಕುತ್ತಿದ್ದಳು ಕಳ್ಳಿ! ಕಂಪೌಂಡರು ಅವತ್ತಿನಿಂದ ಚೀಟಿ ಅಂಟಿಸಲು ಮರಗೆಣಸಿನ ಹಿಟ್ಟು ಬೇಯಿಸಿದರು.

ನಿಮಗೆ ನಾನು ಹೇಳುವುದು ಇಷ್ಟೇ. ಆಗದ ಊಟವನ್ನು ಹುಡುಕುವಾಗ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಬೇಡಿ, ಮಗು ಹಸಿವಿನಿಂದಲೇ ಸಾಯುತ್ತದೆ. ಒಂದೊಂದೇ ನಿಲ್ಲಿಸಿ, ಗುರುತು ಹಾಕಿ, ಡಾಕ್ಟರಿಗೆ ತೋರಿಸಿ. ಹೆಸರನ್ನು ನಂಬಬೇಡಿ. ಅಕ್ಕಿ ರೊಟ್ಟಿ ಎಂದರೆ ಅಕ್ಕಿ ಮಾತ್ರ ಎಂದುಕೊಂಡವಳು ಅದನ್ನು ಮಾಡಿದ ನಾನೇ. ಬೇರೆಯವರ ಕೈ ಹುಡುಕುವ ಮೊದಲು ನಿಮ್ಮ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ಒಂದು ದಿನ ನಿಂತು ನೋಡಿ.

ಇನ್ನು ಉಳಿದದ್ದು ಆ ಸಂಜೆಯ ಮರುದಿನ ಬೆಳಿಗ್ಗೆಯದು.

ಎದ್ದವಳೇ ಮಣೆ, ಪರಾತ, ಲಟ್ಟಣಿಗೆಗಳನ್ನು ಬೂದಿ ಹಾಕಿ ಉಜ್ಜಿ ಕುದಿಯುವ ನೀರು ಹೊಯ್ದೆ. ಮೈದಾ ಡಬ್ಬ ಎತ್ತಿಕೊಂಡು ಜಗುಲಿಗೆ ಹೋದೆ. ಸಾಲು ನಿಂತಿತ್ತು, ಹಿಂದಿನ ದಿನದ ಮುಖಗಳೇ ಬಹಳ. ಕಮಲ ಕಂಬದ ಹತ್ತಿರ ನಿಂತಿದ್ದಳು. ಡಬ್ಬದ ಮುಚ್ಚಳ ತೆಗೆದು ತೋರಿಸಿದೆ.

"ನಿನ್ನೆ ಕಮಲನ್ನ ಬಯ್ದೆ, ಕೇಳಿದಿರಲ್ಲ. ಮಗೂಗೆ ಗೋಧಿ ತಿನ್ನಿಸ್ತಿದ್ದವಳು ಅವಳಲ್ಲ, ನಾನು. ದೇವಕ್ಕನ ರೊಟ್ಟಿ ಬಿರಿಯಲ್ಲ ಅಂತೀರಲ್ಲ, ಬಿರಿಯದೆ ಇದ್ದದ್ದು ಇದರಿಂದ."

ಯಾರೋ ಕಿಸಕ್ಕೆಂದರು. ನಗಲಿ. ಡಬ್ಬವನ್ನು ಕಂಪೌಂಡರ ಮೇಜಿನ ಮೇಲೆ ಕುಕ್ಕಿ ಅಡುಗೆಮನೆಗೆ ಬಂದೆ.

ಗಂಜಿ ಕಾಯಿಸಿ ಕೊಟ್ಟರೆ ಲೀಲ ಮುಟ್ಟಲಿಲ್ಲ. ಚಾಪೆಯ ಮೇಲೆ ಮಲಗಿದಲ್ಲೇ ರೊಟ್ಟಿಯೇ ಬೇಕು ಎಂದು ಮುಖ ತಿರುಗಿಸಿದಳು. ಕಮಲ ನನ್ನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಳು, ನನ್ನ ಕೈಯ ಮೇಲೆಯೇ ಅವಳ ಕಣ್ಣು. ಅನ್ನ, ಅಕ್ಕಿ ಹಿಟ್ಟು, ಉಪ್ಪು, ನೀರು. ಅಷ್ಟೇ. ತಟ್ಟಿದೆ. ಅಂಚು ಬಿರಿಯಿತು. ಬೆರಳಲ್ಲಿ ಒತ್ತಿ ಸೇರಿಸಿದೆ, ಮತ್ತೆ ಬಿರಿಯಿತು. ಹೆಂಚಿಗೆ ಹಾಕುವಾಗ ನಡುವೆ ಸೀಳಿತು. ಹದಿನೆಂಟು ವರ್ಷದಲ್ಲಿ ಅಂಥ ಕೆಟ್ಟ ರೊಟ್ಟಿ ನಾನು ಮಾಡಿರಲಿಲ್ಲ.

"ದೊಡ್ಡಮ್ಮ, ಇದು ಹರಿದುಹೋಗಿದೆ" ಎಂದಳು ಲೀಲ.

"ಹರಿದದ್ದೇ ನಿಂದು. ತಿನ್ನು."

ತಿಂದಳು. ನಾನು ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ಅವಳ ಸಾಲಿನಲ್ಲಿ ಒಂದು ಸುತ್ತು ಬರೆದೆ. ಹಳೆಯ ಸುತ್ತುಗಳ ಜೊತೆ ಬೆರೆಯಬಾರದೆಂದು ಅದರ ಅಂಚಿನಿಂದ ನಡುವಿನ ತನಕ ಒಂದು ಬಿರುಕು ಎಳೆದೆ.